ನಾಯಿ ಅಂತ ರೊಟ್ಟಿ ಹಾಕಾಕ ಹೋಗಿದ್ದೆ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರ ನಿಮ್ಮ ಪುರವಣಿ ಒಳಗ ಆಸ್ಟ್ರೇಲಿಯಾದ ಫ್ರೇಜರ್ ದ್ವೀಪದ ಕ್ಯಾಂಪಿಂಗ್ ಟೂರ್ ಬಗ್ಗೆ ಅರ್ಧ ಪುಟ ಬಂದಿತ್ತು, ಅದನ್ನ ಓದಿ ಈ ಪತ್ರ ಬರಿಯಾಕ ಕುಂತೀನಿ. ಬರದವರನ್ನ ಬೈಯಾಕಲ್ಲ. ಆದ್ರ ಅದರಾಗ ಡಿಂಗೊ ಅನ್ನೋ ಮುದ್ದಾದ ನಾಯಿಗಳು ಟೆಂಟಿನ ತನಕಾ ಬರತಾವ, ಮಕ್ಕಳಿಗೆ ಭಾರಿ ಮಜಾ ಅಂತ ಒಂದು ಸಾಲು ಇತ್ತಲ್ಲ, ಅದನ್ನ ಓದಿ ಚಹಾದ ಕಪ್ಪು ಕೆಳಗ ಇಟ್ಟೆ. ಯಾಕಂದ್ರ ಹೋದ ವರ್ಷ ಸೆಪ್ಟೆಂಬರ್‌ದಾಗ ಅದೇ ದ್ವೀಪದಾಗ ಮೂರು ದಿನ ಎರಡು ರಾತ್ರಿ ಟೆಂಟಿನ್ಯಾಗ ಮಲಗಿ ಬಂದಂವ ನಾನು, ಮತ್ತ ಆ ಮುದ್ದಾದ ನಾಯಿಗೆ, ಖರೇ ಅದು ಆಸ್ಟ್ರೇಲಿಯಾದ ಕಾಡುನಾಯಿ, ಕೈಯಾರೆ ರೊಟ್ಟಿ ಹಾಕಾಕ ಹೋದ ಶಾಣ್ಯಾನೂ ನಾನೇ.

ಮೊದಲು ಹೆಸರಿನ ವಿಷಯ ಮುಗಿಸಿಬಿಡ್ತೀನಿ. ಅದು ಈಗ ಫ್ರೇಜರ್ ದ್ವೀಪ ಅಲ್ಲರೀ. 2023ರ ಜೂನ್‌ದಾಗ ಅಲ್ಲಿ ಸರ್ಕಾರ ಹಳೇ ಹೆಸರು ವಾಪಸ್ ಕೊಟ್ಟೈತಿ. ಇಂಗ್ಲಿಷಿನ್ಯಾಗ ಬರಿಯೂ ಮುಂದ ಒಂದು ಕೆ ಇರತೈತಿ, ಬಾಯಾಗ ಅದು ಬರೂದಿಲ್ಲ, ಬರೇ ಗರಿ ಅಂತಾರ, ನಾವು ನವಿಲುಗರಿ ಅಂತೀವಲ್ಲ ಹೆಚ್ಚುಕಡಿಮಿ ಹಂಗ. ಅಲ್ಲಿ ಮೂಲ ಜನ ಬುಚುಲ್ಲಾ ಮಂದಿ, ಅವರ ಭಾಷಾದಾಗ ಅದಕ್ಕ ಸ್ವರ್ಗ ಅಂತ ಅರ್ಥ. ಫ್ರೇಜರ್ ಅನ್ನೂದು 1836ರಾಗ ಹಡಗು ಒಡದು ಅಲ್ಲಿ ಹೋಗಿ ಬಿದ್ದ ಕ್ಯಾಪ್ಟನ್ನನ ಮನೆತನದ ಹೆಸರು. ಅವನ ಹೆಂಡತಿ ಎಲೈಜಾ ಬದುಕಿ ಊರಿಗೆ ಹೋಗಿ ಬುಚುಲ್ಲಾ ಮಂದಿ ಬಗ್ಗೆ ಇಲ್ಲದ್ದು ಸಲ್ಲದ್ದು ಹೇಳಿಕೊಂಡು ತಿರುಗಿದ್ಲು ಅಂತ ಆ ಜನರಿಗೆ ಇವತ್ತಿಗೂ ನೋವು ಐತಿ. 2014ರಾಗ ಹುಬ್ಳಿ ಬೋರ್ಡ್ ಅಳಿಸಿ ಹುಬ್ಬಳ್ಳಿ ಅಂತ ಬರಿಸಿದ ನಮಗ ಇದು ತಿಳೀದ ಮಾತೇನಲ್ಲ.

ಮಗಳು ಅಳಿಯ ಬ್ರಿಸ್ಬೇನ್‌ದಾಗ ಅದಾರ. ನಾನು ಬ್ಯಾಂಕಿನಿಂದ ರಿಟೈರ್ ಆದಮ್ಯಾಲ ಮನಿಯಾಕಿನ್ನ ಕರಕೊಂಡು ಹೋಗಿದ್ದೆ, ಮೊಮ್ಮಗನ ಸಾಲಿಗೆ ಸೂಟಿ ಇತ್ತು, ಅಳಿಯ ಒಂದು ಟೂರ್ ಬುಕ್ ಮಾಡಿಬಿಟ್ಟಿದ್ದ, ಮುಂದ ಗೈಡಿನ ಗಾಡಿ, ಹಿಂದ ಸಾಲಾಗಿ ನಮ್ಮಂಥಾವರ ಮೂರು ಗಾಡಿ, ಒಬ್ಬರಿಗೊಬ್ಬರು ಮಾತಾಡಾಕ ವಾಕಿಟಾಕಿ. ನಾನು ಅನ್ಕೊಂಡಿದ್ದು ದ್ವೀಪ ಅಂದ್ರ ಗೋಕರ್ಣದ ಬೀಚಿನಂಗ ಒಂದು ರಿಸಾರ್ಟ್ ಇರತೈತಿ, ಮುಂಜಾನಿ ಪೂರಿ ಇಲ್ಲದಿದ್ರೂ ಬ್ರೆಡ್ಡಾದರೂ ಕೊಡ್ತಾರ ಅಂತ. ಅಳಿಯ ಪಾಪ ಮೊದಲೇ ಹೇಳಿದ್ದ, ಮಾವಾ ಇದು ರಫ್ ಇರತೈತಿ ನೋಡ್ರಿ ಅಂತ, ನಾನು ಸೋಗಲಗುಡ್ಡ ಹತ್ತಿದಂವ ನನಗೇನ ಹೇಳ್ತೀ ಅಂತ ಅಂದಿದ್ದೆ.

ರೇನ್‌ಬೋ ಬೀಚ್ ಅನ್ನೋ ಊರು ದಾಟಿ ಇನ್‌ಸ್ಕಿಪ್ ಪಾಯಿಂಟ್ ಅಂತ ಬರತೈತಿ. ಅಲ್ಲಿ ಟಾರ್ ರಸ್ತಾ ಮುಗೀತು, ಗಾಡಿ ಸೀದಾ ಉಸುಕಿನ್ಯಾಗ. ಮೊದಲು ಎಲ್ಲಾರೂ ಇಳದು ಟಾಯರಿನ ಹವಾ ಬಿಡಬೇಕು, ಅರ್ಧಕ್ಕ ಅರ್ಧ ಇಳಸ್ತಾರ, ಟಾಯರ್ ಹೊಟ್ಟಿ ಬಿಟ್ಟಂಗ ಅಗಲಾದ್ರನ ಉಸುಕಿನ್ಯಾಗ ಹುಗೀದಂಗ ಓಡತೈತಿ. ಧಾರವಾಡದಾಗ ಯಾರರ ಹಿಂಗ ಹವಾ ಬಿಟ್ರ ಜಗಳಾನ ಆಗತಿತ್ತು. ಆಮ್ಯಾಲ ಗಾಡಿ ಸಮೇತ ಬಾರ್ಜ್ ಅನ್ನೋ ಚಪ್ಪಟೆ ಹಡಗು ಹತ್ತೂದು, ಹತ್ತು ನಿಮಿಷದಾಗ ಆ ಕಡೆ. ಇಡೀ ದ್ವೀಪ ಉಸುಕಂದ್ರ ಉಸುಕು, ಜಗತ್ತಿನ ಅತಿ ದೊಡ್ಡ ಉಸುಕಿನ ದ್ವೀಪ ಅದು, ಉದ್ದ 120 ಕಿಲೋಮೀಟರ್ ದಾಟತೈತಿ, ಅಂದ್ರ ಧಾರವಾಡ ಬಿಟ್ಟು ಹುಬ್ಬಳ್ಳಿ, ಶಿಗ್ಗಾಂವಿ, ಹಾವೇರಿ ದಾಟಿ ರಾಣೆಬೆನ್ನೂರಿಗೆ ಹೋಗಿ ಮುಟ್ಟಿದಷ್ಟು ಉದ್ದ, ಮಧ್ಯ ಎಲ್ಲೂ ಒಂದು ಡಾಂಬರ್ ರಸ್ತಾ ಸೈತ ಇಲ್ಲದಂಗ ಅಂತ ತಿಳ್ಕೊಳ್ರಿ. ಪೂರ್ವದ ದಂಡಿ ಮ್ಯಾಲಿನ ಬೀಚೇ ಹೈವೇ. 75 ಮೈಲಿ ಬೀಚ್ ಅಂತ ಹೆಸರು, ಸ್ಪೀಡ್ ಲಿಮಿಟ್ 80 ಅಂತ ಬೋರ್ಡ್ ಹಾಕ್ಯಾರ, ಸಣ್ಣ ವಿಮಾನಾನೂ ಅಲ್ಲೇ ಇಳೀತಾವ! ಸಮುದ್ರದ ಭರತಿ ಏರಿದಾಗ ಮಾತ್ರ ಗಾಡಿ ಓಡ್ಸೂದಿಲ್ಲ, ಗಡಿಯಾರ ನೋಡಿ ಅಲ್ಲ, ನೀರು ನೋಡಿ ಹೊರಡಬೇಕು. ಒಂದು ಕಡೆ ನಮ್ಮ ಮುಂದಿನ ಗಾಡಿ ಮೆತ್ತನೆ ಉಸುಕಿನ್ಯಾಗ ಕುಂತುಬಿಡ್ತು, ಬಿಸಿಲಾಗ ಅರ್ಧಾ ತಾಸು ಸಲಕಿ ಹಿಡದು ತೋಡಿದ್ವಿ, ನನ್ನ ಸೊಂಟ ಇನ್ನೂ ಅದನ್ನ ನೆನಸ್ತೈತಿ.

ಕ್ಯಾಂಪ್ ಅಂದ್ರ ಬೇಲಿ ಹಾಕಿದ ಒಂದು ಜಾಗ, ಒಳಗ ಗಿಡದ ಬುಡಕ್ಕ ಟೆಂಟ್. ಟೆಂಟ್ ಒಳಗ ಉಸುಕು, ಹಾಸಿಗ್ಯಾಗ ಉಸುಕು, ಹಲ್ಲಿನ್ಯಾಗ ಉಸುಕು, ಊಟದಾಗೂ ಉಸುಕು. ಜಳಕಕ್ಕ ತಣ್ಣೀರು. ಅಲ್ಲಿ ಮಾರ್ಚ್ ಫ್ಲೈ ಅಂತ ಒಂದು ನೊಣ ಐತ್ರಿ, ಹೆಸರು ಮಾರ್ಚ್, ಆದ್ರ ಸೆಪ್ಟೆಂಬರ್‌ದಾಗೂ ಬಿಡೂದಿಲ್ಲ, ಅರಿವಿ ಮ್ಯಾಲಿಂದನ ಕಡೀತೈತಿ, ದನಕ್ಕ ಕಡಿಯೋ ನೊಣದ ಜಾತಿ. ಮನಿಯಾಕಿ ಮೊದಲನೇ ರಾತ್ರಿ, ಇದಕ್ಕ ರೊಕ್ಕ ಕೊಟ್ಟು ಬಂದೇವೇನ್ರಿ ಅಂದ್ಲು. ಲೇಖನದಾಗ ಲಕ್ಸುರಿ ಅನ್ನೋ ಶಬ್ದ ಎಲ್ಲಿಂದ ಬಂತೋ ಗೊತ್ತಾಗಲಿಲ್ಲ.

ಆದ್ರ ಖರೇ ಹೇಳಬೇಕಂದ್ರ ನೋಡಿದ್ದು ಹೇಳಿದರ ನಂಬೂದಿಲ್ಲ ನೀವು. ಬರೇ ಉಸುಕಿನ ಮ್ಯಾಲ ಕತ್ತಲಿ ಕಾಡು ಬೆಳದೈತಿ, ಸೆಂಟ್ರಲ್ ಸ್ಟೇಷನ್ ಅನ್ನೋ ಜಾಗದಾಗ ಸ್ಯಾಟಿನೇ ಅಂತ ಗಿಡಾ ಅದಾವ, ತಲಿ ಎತ್ತಿ ನೋಡಿದರ ಟೊಪಗಿ ಬೀಳಬೇಕು, ಅಷ್ಟು ಎತ್ತರ. ಆ ಕಟ್ಟಿಗಿ ನೀರಾಗ ಕೊಳಿಯೂದಿಲ್ಲ ಅಂತ ಸೂಯೆಜ್ ಕಾಲುವೆಗೆ ಒಯ್ದಿದ್ರಂತ. ನೂರು ವರ್ಷದ ಮ್ಯಾಲ ಕಡದು 1991ರಾಗ ಬಂದ್ ಮಾಡಿದ್ರು, ಮರುವರ್ಷ 1992ರಾಗ ಯುನೆಸ್ಕೊ ಪಟ್ಟಿಗೆ ಸೇರ್ತು. ಉಸುಕು ತಗಿಯೂ ಮೈನಿಂಗ್ ಅಂತೂ 1976ರಾಗೇ ನಿಲ್ಲಿಸ್ಯಾರ. ಇದನ್ನ ಕೇಳಿದಾಗ ನನಗ ತುಂಗಭದ್ರಾ ದಂಡಿ ಟಿಪ್ಪರ್‌ಗಳ ಸಾಲು ನೆನಪಾತು, ಇರಲಿ, ಅದು ಬ್ಯಾರೆ ಪತ್ರ.

ಅಲ್ಲಿ ಎಲೈ ಕ್ರೀಕ್ ಅಂತ ಒಂದು ಹಳ್ಳ ಸಮುದ್ರಕ್ಕ ಸೇರತೈತಿ, ತಾಸಿಗೆ ಹತ್ತಿರ ಹತ್ತಿರ 40 ಲಕ್ಷ ಲೀಟರ್ ಸಿಹಿನೀರು ಅಂತ ಗೈಡ್ ಹೇಳಿದ್ಲು, ಉಸುಕು ಮಳಿನೀರು ಕುಡದು ಕುಡದು ಸೋಸಿ ಬಿಡತೈತಂತ. ವಾರಕ್ಕೊಮ್ಮೆ ನಳ ಬರೋ ಊರಿಂದ ಹೋದ ನಾವಿಬ್ಬರು ಅದರ ದಂಡಿ ಮ್ಯಾಲ ಸುಮ್ಮನ ನಿಂತು ನೋಡಿದ್ವಿ. ಮನಿಯಾಕಿ, ಒಂದು ಟ್ಯಾಂಕರ್ ತುಂಬ್ಕೊಂಡು ಹೋಗೂಣಾ ಅಂದ್ಲು. ಮಕೆಂಜಿ ಅಂತ ಒಂದು ಕೆರಿ ಐತಿ, ಬುಚುಲ್ಲಾದವರು ಬೂರಂಗೂರಾ ಅಂತಾರ, ಉಸುಕಿನ ಗುಡ್ಡದ ಮ್ಯಾಲ ಕೂಡಿಟ್ಟ ಬರೇ ಮಳಿನೀರು, ಯಾವ ಹಳ್ಳಾನೂ ಬಂದು ಸೇರೂದಿಲ್ಲ. ಎಲಿ ಕೊಳತು ತಳದಾಗ ಕೆಸರು ಕಟ್ಟಿ ಗಟ್ಟಿ ಆಗಿ ಒಂದು ಅಟ್ಟದಂಗ ನೀರು ಹಿಡದೈತಿ. ಸನ್‌ಸ್ಕ್ರೀನ್ ಹಚ್ಕೊಂಡು ಇಳೀಬ್ಯಾಡ್ರಿ ಅಂತ ಹೇಳಿದ್ರು, ನೀರಿನ್ಯಾಗ ಎಣ್ಣಿ ತೇಲಿದ್ರ ತೊಳದು ಹೊರಗ ಹಾಕಾಕ ಅದಕ್ಕ ದಾರಿ ಇಲ್ಲ.

ಪ್ರಾಣಿ ವಿಷಯಕ್ಕ ಬರ್ತೀನಿ. ಸಮುದ್ರದಾಗ ಹಂಪ್‌ಬ್ಯಾಕ್ ತಿಮಿಂಗಿಲ ದೂರದಾಗ ಎದ್ದು ಬಿದ್ದದ್ದು ನೋಡಿದ್ವಿ, ಆ ತಿಂಗಳದಾಗ ಅವು ಮರಿ ಕಟ್ಕೊಂಡು ಪಕ್ಕದ ಹರ್ವಿ ಕೊಲ್ಲಿ ಒಳಗ ವಿಶ್ರಾಂತಿ ತಗೊಂಡು ದಕ್ಷಿಣಕ್ಕ ಹೋಗತಾವ. ಉಡದ ಜಾತಿ ಒಂದು, ಮನುಷ್ಯಾನಷ್ಟು ಉದ್ದಂದು, ಕ್ಯಾಂಪಿನ ಬೇಲಿ ಸಂದಿ ಒಳಗಿಂದ ಬಂದು ಕಸದ ಡಬ್ಬಿ ಸುತ್ತ ತಿರಗತಿತ್ತು. ಹಕ್ಕಿ ಅಂತೂ 350 ಜಾತಿ ದಾಟತಾವಂತ. ಸಮುದ್ರದಾಗ ಇಳಿಯೂ ಹಂಗಿಲ್ಲ, ಶಾರ್ಕ್ ಅದಾವ, ಸೆಳವು ಐತಿ. ಇದೆಲ್ಲಾ ಒಂದು ಪಾಲು, ಡಿಂಗೊ ಒಂದು ಪಾಲು.

ಮೊದಲನೇ ದಿನಾನೇ ಗೈಡ್ ಹುಡುಗಿ ಎಲ್ಲಾರನ್ನ ಗಾಡಿ ಹಿಂದ ನಿಲ್ಲಿಸಿ ಅರ್ಧಾ ತಾಸು ಪಾಠಾ ಮಾಡಿದ್ಲು. ಊಟದ ಸಾಮಾನು ಟೆಂಟಿನ್ಯಾಗ ಇಡೂ ಹಂಗಿಲ್ಲ, ಖಾಲಿ ಡಬ್ಬೀನೂ ಇಲ್ಲ, ಟೂಥ್‌ಪೇಸ್ಟ್ ಸೈತ ಗಾಡಿ ಒಳಗ ಇಟ್ಟು ಲಾಕ್ ಮಾಡಬೇಕು. ಮಕ್ಕಳು ಕೈಗೆ ಸಿಗೂವಷ್ಟು ಹತ್ರ ಇರಬೇಕು. ಒಬ್ಬರೇ ಬೀಚಿನ ಮ್ಯಾಲ ಅಡ್ಡಾಡಬಾರದು, ಓಡಲಂತೂ ಓಡಬಾರದು, ಕೈಯಾಗ ಒಂದು ಕೋಲು ಹಿಡ್ಕೋಬೇಕು. ಡಿಂಗೊ ಎದುರಿಗೆ ಬಂದ್ರ ನೆಟ್ಟಗ ನಿಂತು, ಎದಿ ಮ್ಯಾಲ ಕೈ ಕಟ್ಕೊಂಡು, ಅದರ ಕಡೆನೇ ಮಾರಿ ಮಾಡಿ ಸಾವಕಾಶ ಹಿಂದ ಸರೀಬೇಕು. ನನ್ನ ಇಂಗ್ಲಿಷ್ ಬ್ಯಾಂಕಿನ ಇಂಗ್ಲಿಷ್, ಆಕಿ ಮಾತು ಅರ್ಧ ಅಳಿಯನ ಕಡಿಂದ ತಿಳ್ಕೊಂಡೆ. ತಿಳದಿತ್ತು ಮಾತ್ರ ಪೂರಾ ತಿಳದಿತ್ತು, ಅದನ್ನ ಮೊದಲೇ ಒಪ್ಕೋತೀನಿ.

ಎರಡನೇ ದಿನ ಮಧ್ಯಾಹ್ನ. ಮಹೀನೊ ಅಂತ ಒಂದು ಹಡಗಿನ ಅಸ್ಥಿಪಂಜರ ಬೀಚಿನ ಮ್ಯಾಲ ತುಕ್ಕು ಹಿಡದು ಬಿದ್ದೈತಿ, 1935ರಾಗ ಗುಜರಿಗೆ ಅಂತ ಜಪಾನಿಗೆ ಎಳಕೊಂಡು ಹೋಗೂವಾಗ ಬಿರುಗಾಳಿಗೆ ಸಿಕ್ಕು ದಂಡಿಗೆ ಬಂದದ್ದು. ಅದನ್ನ ನೋಡಿ ಸ್ವಲ್ಪ ಮುಂದ ಹೋಗಿ ಊಟಕ್ಕ ನಿಲ್ಲಿಸಿದ್ರು. ಮಗಳ ಮನ್ಯಾಗ ಬಡದ ಖಡಕ್ ಜ್ವಾಳದ ರೊಟ್ಟಿ, ಶೇಂಗಾ ಚಟ್ನಿ, ಅದನ್ನ ಬಿಟ್ಟು ನನಗ ಅವರ ಸ್ಯಾಂಡ್‌ವಿಚ್ ಇಳೀಲಿಲ್ಲ. ಅರ್ಧ ರೊಟ್ಟಿ ಕೈಯಾಗ ಹಿಡ್ಕೊಂಡು, ನೀರಿನ ಕಡೆ ಹೆಜ್ಜಿ ಗುರುತು ಕಂಡ್ವು ಅಂತ ಒಂದಿಪ್ಪತ್ತು ಹೆಜ್ಜಿ ಹೋದೆ, ಕೋಲು ಗಾಡ್ಯಾಗೇ ಉಳೀತು. ಉಸುಕಿನ ದಿಬ್ಬದಿಂದ ಅದು ಇಳದು ಬಂತು. ಇಟ್ಟಂಗಿ ಬಣ್ಣ, ನಾಲ್ಕೂ ಪಾದ ಸುಣ್ಣದಾಗ ಅದ್ದಿದಂಗ ಬೆಳ್ಳಗ, ಬಾಲದ ತುದೀನೂ ಬೆಳ್ಳಗ, ಕಿವಿ ನೆಟ್ಟಗ, ಪಕ್ಕಡಿ ಎಣಿಸಬೇಕು ಅಷ್ಟು ತೆಳ್ಳಗ. ಥೇಟ್ ನಮ್ಮ ಓಣಿ ನಾಯಿ, ಲೈನ್ ಬಜಾರದಾಗ ಪೇಡೆ ಅಂಗಡಿ ಮುಂದ ಮಲಗಿರತಾವಲ್ಲ ಅದೇ. ಬೊಗಳಲಿಲ್ಲ, ಬಾಲ ಅಲುಗಾಡಿಸಲಿಲ್ಲ, ಸುಮ್ಮನ ನೋಡಿಕೋತ ನಿಂತಿತ್ತು. ನಾನು ಪಾಪ ಹಸದೈತಿ ಅಂದೆ. ಅನ್ನೂದಷ್ಟ ಅಲ್ಲ, ಕುಕ್ಕುರಗಾಲಿಲೆ ಕುಂತು ತೊ ತೊ ತೊ ಅಂತ ರೊಟ್ಟಿ ಮುಂದ ಮಾಡಿದೆ. ಅರವತ್ತು ವರ್ಷದ ಕೈ ರೀ, ಅವ್ವ ದಿನಾ ಮೊದಲನೇ ರೊಟ್ಟಿ ಆಕಳಿಗೆ ಕಡೀ ರೊಟ್ಟಿ ನಾಯಿಗೆ ಅಂತ ಕಲಿಸಿದ ಕೈ, ಅದು ತಾನಾಗೇ ಮುಂದ ಹೋತು.

ಹಿಂದಿಂದ ಗೈಡ್ ಹುಡುಗಿ ಒದರಿದ್ಲು. ಎದ್ದು ನಿಲ್ಲು, ಎದ್ದು ನಿಲ್ಲು, ಓಡಬ್ಯಾಡ. ಎದ್ದೆ. ರೊಟ್ಟಿ ಎದಿಗೆ ಅವಚಿಕೊಂಡು ಕೈ ಕಟ್ಟಿದೆ. ಅಷ್ಟರಾಗ ನನಗ ಎಡಕ್ಕ ದಿಬ್ಬದ ಮ್ಯಾಲ ಇನ್ನೊಂದು ಕಾಣಿಸ್ತು, ಅದು ಯಾವಾಗ ಬಂತೋ ನನಗ ಗೊತ್ತೇ ಇಲ್ಲ, ನಾನು ಒಂದನ್ನ ನೋಡೂವಾಗ ಇನ್ನೊಂದು ನನ್ನ ಹಿಂದಕ್ಕ ಬರೂ ದಾರಿ ಹಿಡದಿತ್ತು. ಆವಾಗ ಎದಿ ಝಲ್ ಅಂತು. ಗೈಡ್ ಕೋಲು ಹಿಡ್ಕೊಂಡು ಸಾವಕಾಶ ನನ್ನ ಬಾಜೂ ಬಂದು ನಿಂತ್ಲು, ಇಬ್ಬರೂ ಹೆಜ್ಜಿ ಹೆಜ್ಜಿ ಹಿಂದ ಸರದು ಗಾಡಿ ಮುಟ್ಟಿದ್ವಿ. ಇಪ್ಪತ್ತು ಹೆಜ್ಜಿ ವಾಪಸ್ ಬರಾಕ ಎಷ್ಟು ಹೊತ್ತಾತೋ ದೇವರೇ ಬಲ್ಲ. ಅವೆರಡೂ ಸ್ವಲ್ಪ ಹೊತ್ತು ನಿಂತು ದಿಬ್ಬ ಹತ್ತಿ ಹೋದ್ವು, ಏನೂ ಆಗಿಲ್ಲದಂಗ.

ಖಡಕ್ ರೊಟ್ಟಿ ಅವಚಿಕೊಂಡ್ರ ಉಳೀತೈತೇನ್ರಿ, ದಾರಿ ತುಂಬಾ ಪುಡಿ ಪುಡಿ ಉದುರಿತ್ತು. ಆ ಹುಡುಗಿ ಬೈಯಲಿಲ್ಲ. ಒಂದು ಪ್ಲಾಸ್ಟಿಕ್ ಚೀಲ ತಗೊಂಡು ಮೊಣಕಾಲೂರಿ ಕುಂತು ಉಸುಕಿನ್ಯಾಗಿಂದ ಒಂದೊಂದೇ ರೊಟ್ಟಿ ತುಣಕು ಆರಿಸಿ ಆರಿಸಿ ಚೀಲಕ್ಕ ಹಾಕಿದ್ಲು, ಎಳ್ಳಿನಷ್ಟು ತುಣಕೂ ಬಿಡಲಿಲ್ಲ, ಉಸುಕನ್ನ ಬೆರಳಿನ್ಯಾಗ ಸೋಸಿ ಸೋಸಿ ನೋಡಿದ್ಲು. ಹತ್ತು ನಿಮಿಷ. ನಾನೂ ಬಗ್ಗಿದೆ, ಬ್ಯಾಡ ನೀವು ಗಾಡ್ಯಾಗ ಕೂಡ್ರಿ ಅಂದ್ಲು. ಮೊಮ್ಮಗ ಕಾಜಿನೊಳಗಿಂದ ನನ್ನ ಮಾರಿ ನೋಡಾಕತ್ತಿದ್ದ, ಮರ್ಯಾದಿ ಹೋಗಿದ್ದು ಅಲ್ಲಿ.

ಸಂಜಿಕ ಆಕಿ ಹೇಳಿದ್ದು ಕೇಳ್ರಿ. ಡಿಂಗೊಗೆ ಊಟಾ ಹಾಕಿದ್ರ ಎರಡು ಸಾವಿರ ಡಾಲರ್ ಮೀರಿ ದಂಡ ಐತಿ, ನಮ್ಮ ರೊಕ್ಕದಾಗ ಲಕ್ಷದ ಮ್ಯಾಲ. ಆದ್ರ ದಂಡ ಕಟ್ಟಾಂವ ಕಟ್ಟಿ ಮನಿಗೆ ಹೋಗ್ತಾನ, ಪ್ರಾಣಿ ಗತಿ ಏನು? ಮನುಷ್ಯಾನ ಕೈಯಾಗ ತಿನ್ನೂದು ಒಮ್ಮೆ ಕಲ್ತ ಡಿಂಗೊ ಮುಂದಿನವರ ಕೈ ನೋಡಾಕ ಬರತೈತಿ, ಕೊಡದಿದ್ರ ಅರಿವಿ ಹಿಡದು ಎಳೀತೈತಿ, ಆಮ್ಯಾಲ ಕಡೀತೈತಿ, ಕಡಿಯೂದು ಹೆಚ್ಚಾದ್ರ ಅದನ್ನ ಹಿಡದು ಕೊಲ್ಲತಾರ. ಇಡೀ ದ್ವೀಪದಾಗ ಇರೂದು ಇನ್ನೂರರ ಆಸುಪಾಸು. 2001ರಾಗ ಒಂಬತ್ತು ವರ್ಷದ ಒಂದು ಹುಡುಗನ್ನ ಡಿಂಗೊ ಕೊಂದುಬಿಟ್ಟಿದ್ವು, ಅದಾದಮ್ಯಾಲ 30ರಷ್ಟು ಡಿಂಗೊಗಳನ್ನ ಕೊಂದ್ರು. 2023ರಾಗ ಬೀಚಿನ ಮ್ಯಾಲ ಜಾಗಿಂಗ್ ಮಾಡೂ ಒಬ್ಬ ಹೆಣ್ಣುಮಗಳ ಮ್ಯಾಲ ಬಿದ್ವು, ಆಕಿ ನೀರಿಗೆ ಇಳದ್ರೂ ಬಿಡಲಿಲ್ಲ, ಆ ಗುಂಪಿನ ಮುಂದಾಳು ಡಿಂಗೊನ ಹಿಡದು ಕೊಂದ್ರು. ಬುಚುಲ್ಲಾ ಮಂದಿಗೆ ಅದು ಬರೇ ಪ್ರಾಣಿ ಅಲ್ಲ, ವೊಂಗಾರಿ ಅಂತಾರ, ಮನಿತನದವರ ಲೆಕ್ಕ. ನಾನು ಪುಣ್ಯ ಅಂತ ಹಾಕಾಕ ಹೋದ ಅರ್ಧ ರೊಟ್ಟಿ ಆ ಪ್ರಾಣಿಗೆ ನೇಣಿನ ಹಗ್ಗ ಆಗತಿತ್ತು ಅಂತ ತಿಳದಾಗ ಊಟಾ ಸೇರಲಿಲ್ಲ. ರಾತ್ರಿ ಬೇಲಿ ಆಚೆ ಊಳಿಟ್ಟಿದ್ದು ಕೇಳಿಸ್ತು, ಮೊದಲು ಒಂದು, ಆಮ್ಯಾಲ ದೂರದಾಗ ಇನ್ನೊಂದು. ನಮ್ಮ ನಾಯಿ ಊಳಿಟ್ರ ಅಪಶಕುನ ಅಂತ ಕಲ್ಲು ಒಗಿತೀವಿ, ಅಲ್ಲಿ ಎಲ್ಲಾರೂ ಮಾತು ನಿಲ್ಲಿಸಿ ಕೇಳಿದ್ರು.

ಇದನ್ನೆಲ್ಲಾ ನಿಮಗ ಯಾಕ ಬರದೆ ಅಂದ್ರ, ನಿಮ್ಮ ಪುರವಣಿ ಓದಿ ನಮ್ಮ ಮಂದಿ ಆಸ್ಟ್ರೇಲಿಯಾಕ್ಕ ಹೋಗೂದು ನೂರಕ್ಕ ಒಬ್ಬರು, ಉಳಿದವರು ಅದೇ ತಲಿ ಇಟ್ಕೊಂಡು ಹೋಗೂದು ದಾಂಡೇಲಿಗೆ, ಮಾಗಡಿ ಕೆರಿಗೆ, ಕಪ್ಪತಗುಡ್ಡಕ್ಕ. ಹಳಿಯಾಳ ದಾಟಿ ಕಾಡು ಸುರುವಾದ ಕೂಡಲೇ ನೋಡ್ರಿ, ಗಾಡಿ ಸೈಡಿಗೆ ಹಾಕಿ ಮಂಗ್ಯಾಗೆ ಕುರ್ಕುರೆ ಕೊಡೂದು, ಮಕ್ಕಳ ಕೈಲೆ ಕೊಡಿಸಿ ವಿಡಿಯೋ ಮಾಡೂದು. ಆ ಮಂಗ್ಯಾ ನಾಳೆ ಯಾವದೋ ಹೆಣ್ಣುಮಗಳ ವ್ಯಾನಿಟಿ ಬ್ಯಾಗ್ ಕಸಗೊಂಡಾಗ ಮಂಗ್ಯಾನ ಕಾಟ ಅಂತ ನೀವೇ ಸುದ್ದಿ ಹಾಕ್ತೀರಿ. ಚಳಿಗಾಲಕ್ಕ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತು ಶಿರಹಟ್ಟಿ ತಾಲೂಕಿನ ಮಾಗಡಿ ಕೆರಿಗೆ ಬರತಾವ, 2024ರಾಗ ಅದು ಜಗತ್ತಿನ ಮಹತ್ವದ ಜೌಗು ಜಾಗಗಳ ರಾಮ್ಸಾರ್ ಪಟ್ಟಿಗೆ ಸೇರೈತಿ, ಅದು ನಮಗ ದೊಡ್ಡ ಮರ್ಯಾದಿ. ಆದ್ರ ಈ ಜನವರ್ಯಾಗ ನಾನು ಹೋದಾಗ ಕೆರಿ ಏರಿ ಮ್ಯಾಲ ನಿಂತ ನಾಲ್ಕು ಹುಡುಗರು ಹಕ್ಕಿ ಏಳಲಿ, ಹಾರೂ ಫೋಟೊ ಬರಲಿ ಅಂತ ಕಲ್ಲು ಒಗಿಯಾಕತ್ತಿದ್ರು. ಸಾವಿರಾರು ಮೈಲಿ ಹಾರಿ ದಣದು ಬಂದದ್ದನ್ನ ಮತ್ತ ಎಬ್ಬಸ್ತೀರಲ್ಲೋ ಅಂದ್ರ, ಅಂಕಲ್ ಒಂದೇ ಸಲ ಅಂದ್ರು.

ರಾಣೆಬೆನ್ನೂರ ಅಭಯಾರಣ್ಯ ಆಗಿ ಐವತ್ತು ವರ್ಷ ದಾಟಿತು, 1974ರಾಗ ಆದದ್ದು, 119 ಚದರ ಕಿಲೋಮೀಟರ್. ಕೃಷ್ಣಮೃಗ, ನಾವು ಚಿಗರಿ ಅಂತೀವಲ್ಲ, ಅಲ್ಲಿ ಇನ್ನೂ ಗುಂಪು ಗುಂಪಾಗಿ ಅದಾವ, ಆದ್ರ ಒಂದು ಕಾಲಕ್ಕ ಅಲ್ಲಿ ಓಡಾಡತಿದ್ದ ಎರೆಭೂತ ಹಕ್ಕಿ ಈಗ ಹುಡುಕಿದ್ರೂ ಇಲ್ಲ. ಹುಬ್ಬಳ್ಳಿ ಧಾರವಾಡ ನಡುವ ಓಡೋ ಬಸ್ಸಿಗೆ ಚಿಗರಿ ಅಂತ ಹೆಸರಿಟ್ಟು ದಿನಾ ಹತ್ತಿ ಇಳೀತೀವಿ, ಖರೇ ಚಿಗರಿ ನೋಡಾಕ ಎಲ್ಲಿ ಹೋಗಬೇಕು, ಹೋದಾಗ ಹೆಂಗ ನಿಲ್ಲಬೇಕು ಅಂತ ನಮ್ಮ ಹುಡುಗರಿಗೆ ಯಾರೂ ಅರ್ಧಾ ತಾಸು ಗಾಡಿ ಹಿಂದ ನಿಲ್ಲಿಸಿ ಹೇಳಿಲ್ಲ. ಈಗ ಕಾಡಿನ ದಂಡಿಗೆ ವೀಕೆಂಡ್ ಕ್ಯಾಂಪಿಂಗ್ ಅಂತ ಹೊಸಾ ಧಂದೆ ಸುರುವಾಗೈತಿ, ಟೆಂಟ್ ಮುಂದ ಬೆಂಕಿ, ಡಿಜೆ, ಅರ್ಧರಾತ್ರಿ ತನಕಾ ಕುಣಿತ, ಬೆಳಗಾದ್ರ ಬಿರ್ಯಾನಿ ಎಲಬು ಗಿಡದ ಬುಡಕ್ಕ. ಒಂದು ಕಡೆ ನಾನೇ ನನ್ನ ಹಳೇ ಆಫೀಸಿನವರ ಜತಿಗೆ ಹೋಗಿದ್ದೆ, ಹೆಸರು ಬ್ಯಾಡ, ಎಲ್ಲಾ ಕಡೆ ಅದೇ. ಅಲ್ಲಿ ಊಟದ ಡಬ್ಬಿ ಎಲ್ಲಿ ಇಡಬೇಕು ಅಂತ ಕೇಳಿದ್ದಕ್ಕ ಮ್ಯಾನೇಜರ್ ನಕ್ಕ, ಸರ್ ಎಲ್ಲೆರೆ ಇಡ್ರಿ, ರಾತ್ರಿ ಹಂದಿ ಬಂದ್ರ ಗೆಸ್ಟ್‌ಗಳಿಗೆ ಖುಷಿ ಆಗತೈತಿ ಅಂದ!

ಅದಕ್ಕ ನನ್ನದೊಂದು ಬೇಡಿಕಿ. ಪ್ರವಾಸದ ಪುಟದಾಗ ಇಂಥಾ ಜಾಗದ ಬಗ್ಗೆ ಬರದಾಗೆಲ್ಲಾ ಟಿಕೆಟ್ ರೇಟಿನ ಜತಿಗೆ ಒಂದು ಸಣ್ಣ ಬಾಕ್ಸಿನ್ಯಾಗ ಅಲ್ಲಿ ಪ್ರಾಣಿ ಎದುರಿಗೆ ಏನು ಮಾಡಬಾರದು ಅನ್ನೂದು ಹಾಕ್ರಿ, ತಣ್ಣೀರಿನ ಜಳಕ ಐತಿ, ನೊಣ ಅದಾವ ಅನ್ನೂದನ್ನೂ ಹಾಕ್ರಿ, ಮಂದಿ ಅದಕ್ಕ ಹೆದರೂದಿಲ್ಲ, ನಾವಿಬ್ಬರೂ ಮುದುಕರು ಹೋಗಿ ಬಂದ್ವಲ್ಲ, ಮತ್ತ ಕರದ್ರ ಇವತ್ತೇ ಹೊರಡ್ತೀವಿ. ನವೆಂಬರ್ ಬಂದ್ರ ಮಾಗಡಿಗೆ ಬಾತು ಬರತಾವ, ಅದಕ್ಕ ಮೊದಲು ಒಂದು ಸಲ ಹಾಕಿದ್ರ ಚಲೋ. ಹೋದ ಭಾನುವಾರದ ಆ ಮುದ್ದಾದ ನಾಯಿ ಸಾಲಿಗೂ ಒಂದು ತಿದ್ದುಪಡಿ ಬರಲಿ.

ಪತ್ರದ ಜತಿಗೆ ಮಕೆಂಜಿ ಕೆರಿದು ಒಂದು, ಹಡಗಿಂದು ಒಂದು ಫೋಟೊ ಇಟ್ಟೀನಿ, ಬೇಕಾದ್ರ ಬಳಸ್ರಿ. ಡಿಂಗೊಂದು ಕೇಳಬ್ಯಾಡ್ರಿ, ಕೈ ಕಟ್ಕೊಂಡು ನಿಂತಿದ್ದೆ.

ನಿಮ್ಮ ಹಳೇ ಓದುಗ,
ಸಪ್ತಾಪುರ, ಧಾರವಾಡ